ಮೂರು ಲಕ್ಷದೊಳಗೆ ಒಂದು ಹಳೆಯ ಎಟಿಯೋಸ್: ಬಿಟ್ಟ ಕಾರು, ಕೊಂಡ ಕಾರು

ತಿಪಟೂರು ಕಡೆಯ ಒಂದು ಹಳ್ಳಿಯಲ್ಲಿರುವ ನನ್ನ ಅಕ್ಕನ ಮನೆಗೆ ಕಾರು ಬೇಕಿತ್ತು. ಮನೆಯಲ್ಲಿ ಐದು ಜನ: ಅಕ್ಕ, ಭಾವ, ಕಾಲೇಜಿಗೆ ಹೋಗುವ ಮಗಳು, ಭಾವನ ಅಪ್ಪ ಮತ್ತು ಅಮ್ಮ. ಅಕ್ಕನ ಅತ್ತೆಗೆ ಮಂಡಿ ನೋವು ಜಾಸ್ತಿ. ಡಾಕ್ಟರಿಗೆ ತೋರಿಸಲು ತುಮಕೂರಿಗೋ ಹಾಸನಕ್ಕೋ ಹೋಗಬೇಕು, ಪ್ರತಿ ಸಲವೂ ಬಾಡಿಗೆ ಕಾರು ಹುಡುಕಬೇಕು. ತೋಟ ಇರುವ ಮನೆ. ಬೆಂಗಳೂರಿಗೆ ಬಂದರೆ ಕಾಯಿ, ಬಾಳೆಗೊನೆ, ಅಕ್ಕಿ ಚೀಲ ಜೊತೆಗೆ ಬರಲೇಬೇಕು. ಕೈಯಲ್ಲಿದ್ದದ್ದು ಮೂರು ಲಕ್ಷ. ಕಾರಿನ ಬೆಲೆ, ಹೆಸರು ಬದಲಾವಣೆ, ಇನ್ಶೂರೆನ್ಸ್, ತಂದ ಮೇಲಿನ ರಿಪೇರಿ ಎಲ್ಲಾ ಅದರೊಳಗೇ ಮುಗಿಯಬೇಕು. ಸಾಲದ ಮಾತೇ ಬೇಡ ಅಂತ ಭಾವ ಮೊದಲೇ ಹೇಳಿಬಿಟ್ಟಿದ್ದರು.

ಕಾರು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಕೊನೆಗೆ ಕೊಂಡದ್ದು 2013ರ ಪೆಟ್ರೋಲ್ ಟೊಯೊಟಾ ಎಟಿಯೋಸ್. ಹಳೆಯ ಸೆಡಾನ್ (ಹಿಂದೆ ಬೇರೆಯಾಗಿ ಡಿಕ್ಕಿ ಇರುವ ಕಾರು) ನೋಡುತ್ತಿರುವವರಿಗೆ ಈ ಒಂದು ಕೇಸು ಪೂರ್ತಿ ಗೊತ್ತಾದರೆ ಉಪಯೋಗವಾಗುತ್ತದೆ ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ಬೇರೆಯವು ಯಾಕೆ ಬೇಡವಾದವು

ಹಳೆಯ ಸೆಡಾನ್ ಅಂದ ಕೂಡಲೇ ಎಲ್ಲರೂ ಹೇಳುವ ಹೆಸರು ಸ್ವಿಫ್ಟ್ ಡಿಸೈರ್. ಒಳ್ಳೆಯ ಗಾಡಿ, ಅನುಮಾನವಿಲ್ಲ. ಆದರೆ ಅದಕ್ಕೆ ಬೇಡಿಕೆ ಎಷ್ಟಿದೆ ಅಂದರೆ, ಇದೇ ದುಡ್ಡಿಗೆ ಇನ್ನೂ ಎರಡು ಮೂರು ವರ್ಷ ಹೆಚ್ಚು ಹಳೆಯದು, ಜಾಸ್ತಿ ಓಡಿದ್ದು ಸಿಗುತ್ತದೆ. ಮೇಲಾಗಿ 2012ರಲ್ಲಿ ಬಂದ ಡಿಸೈರ್‌ನ ಡಿಕ್ಕಿ 316 ಲೀಟರ್. ಐದು ಜನರ ಬ್ಯಾಗು ಇಟ್ಟರೆ ಕಾಯಿ ಚೀಲಕ್ಕೆ ಜಾಗವಿಲ್ಲ. ಹೋಂಡಾ ಅಮೇಜ್‌ನಲ್ಲಿ 400 ಲೀಟರ್, ಪರವಾಗಿಲ್ಲ. ಆದರೆ ನಮ್ಮ ಬಜೆಟ್ಟಿನಲ್ಲಿ ಚೆನ್ನಾಗಿರುವ ಪೆಟ್ರೋಲ್ ಅಮೇಜ್ ಕಣ್ಣಿಗೆ ಬೀಳಲಿಲ್ಲ. ಹಳೆಯ ಹೋಂಡಾ ಸಿಟಿ ಓಡಿಸುವವರಿಗೆ ಖುಷಿ ಕೊಡುವ ಕಾರು. ಅದರಲ್ಲಿ ಕೆಳಕ್ಕೆ ಕುಸಿದು ಕೂರಬೇಕು, ಏಳುವಾಗ ಮಂಡಿಯ ಮೇಲೆ ಭಾರ ಹಾಕಬೇಕು. ಅತ್ತೆಗೆ ಅದು ಆಗುವುದಿಲ್ಲ ಅಂತ ನೋಡಿದ ಕೂಡಲೇ ಗೊತ್ತಾಯಿತು.

ಎಟಿಯೋಸ್ ಹೆಸರು ಹೇಳಿದಾಗ ಮನೆಯಲ್ಲಿ ಮೊದಲು ಬಂದ ಮಾತು, 'ಅಯ್ಯೋ, ಅದು ಟ್ಯಾಕ್ಸಿ ಅಲ್ವಾ?' ಮಗಳಂತೂ ಮುಖ ಊದಿಸಿಕೊಂಡಳು. ಈ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಹಳೆಯ ಎಟಿಯೋಸ್ ಬೆಲೆ ಕಡಿಮೆ ಇರುವುದಕ್ಕೂ, ಅದನ್ನು ಕೊಳ್ಳುವಾಗ ಮೋಸ ಹೋಗುವುದಕ್ಕೂ, ಕೊಂಡ ಮೇಲೆ ಅದು ಕೈಕೊಡದೆ ಓಡುವುದಕ್ಕೂ ಈ ಟ್ಯಾಕ್ಸಿ ಅನ್ನುವ ಹಣೆಪಟ್ಟಿಯೇ ಕಾರಣ.

ಕಾರಿನ ಹಿನ್ನೆಲೆ, ಚಿಕ್ಕದಾಗಿ

ಎಟಿಯೋಸ್ ನಮ್ಮ ಬಿಡದಿಯ ಕಾರು. ಟೊಯೊಟಾ ಕಿರ್ಲೋಸ್ಕರ್ ಇದನ್ನು 2010ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ತಂದಿತು. ಆಗ ಶುರುವಿನ ಬೆಲೆ 4.96 ಲಕ್ಷ. ಮೊದಲು 1.5 ಲೀಟರ್ ಪೆಟ್ರೋಲ್ ಮಾತ್ರ ಇತ್ತು, 2011ರಲ್ಲಿ 1.4 ಲೀಟರ್ ಡೀಸೆಲ್ ಬಂತು. 2016ರಲ್ಲಿ ಪ್ಲಾಟಿನಮ್ ಅನ್ನುವ ಹೆಸರಿನಲ್ಲಿ ಮುಖ ಬದಲಾಯಿತು. 2020ರಲ್ಲಿ ಬಿಎಸ್6 ಅನ್ನುವ ಹೊಗೆ ನಿಯಂತ್ರಣದ ನಿಯಮ ಬಂದಾಗ ಕಂಪನಿ ಅದನ್ನು ನಿಲ್ಲಿಸಿತು.

ಇದರ ಉದ್ದ 4,265 ಮಿ.ಮೀ. ನಾಲ್ಕು ಮೀಟರ್ ಒಳಗಿದ್ದು, ಪೆಟ್ರೋಲ್ ಎಂಜಿನ್ 1.2 ಲೀಟರ್ ದಾಟದಿದ್ದರೆ ಚಿಕ್ಕ ಕಾರು ಅಂತ ತೆರಿಗೆ ಕಡಿಮೆ. ಡಿಸೈರ್, ಅಮೇಜ್ ಹಿಂಭಾಗ ಕತ್ತರಿಸಿದ ಹಾಗೆ ಕಾಣುವುದು ಈ ಲೆಕ್ಕಕ್ಕಾಗಿಯೇ. ಟೊಯೊಟಾ ಹಾಗೆ ಮಾಡಲಿಲ್ಲ. ಹಾಗಾಗಿ ಹೊಸದಿದ್ದಾಗ ಜಾಸ್ತಿ ತೆರಿಗೆ ಬಿತ್ತು, ಮಾರಾಟಕ್ಕೂ ಪೆಟ್ಟಾಯಿತು. ಈಗ ಹಳೆಯದನ್ನು ಕೊಳ್ಳುವವರಿಗೆ ಆ ತೆರಿಗೆಯ ಚಿಂತೆ ಇಲ್ಲ. ಮೊದಲ ಮಾಲೀಕರು ಕಟ್ಟಿ ಮುಗಿಸಿದ್ದಾರೆ. ಉದ್ದದ ಲಾಭ ಮಾತ್ರ ನಮಗೆ ಸಿಗುತ್ತದೆ: 595 ಲೀಟರ್ ಡಿಕ್ಕಿ, ಕಾಲು ಚಾಚುವಷ್ಟು ಹಿಂದಿನ ಸೀಟಿನ ಜಾಗ.

ಪೆಟ್ರೋಲೋ ಡೀಸೆಲ್ಲೋ

ಭಾವನ ಮನಸ್ಸು ಡೀಸೆಲ್ ಕಡೆ ಇತ್ತು. ಕಂಪನಿ ಹೇಳುವ ಮೈಲೇಜ್ ಡೀಸೆಲ್‌ಗೆ 23.59 ಕಿ.ಮೀ., ಪೆಟ್ರೋಲ್‌ಗೆ 16.78. ನಮ್ಮ ರಸ್ತೆಯಲ್ಲಿ 19 ಮತ್ತು 14 ಅಂತ ಹಿಡಿದು ಲೆಕ್ಕ ಹಾಕಿದೆವು. ವರ್ಷಕ್ಕೆ 6,000 ಕಿ.ಮೀ. ಓಡುವ ಮನೆ. ಪೆಟ್ರೋಲ್ 103, ಡೀಸೆಲ್ 91 ರೂಪಾಯಿ ಅಂದರೂ ಡೀಸೆಲ್‌ನಿಂದ ವರ್ಷಕ್ಕೆ ಸುಮಾರು 15,000 ಉಳಿಯುತ್ತದೆ. ಅದು ಕಡಿಮೆ ದುಡ್ಡಲ್ಲ.

ಆದರೆ ಮಾರುಕಟ್ಟೆಯಲ್ಲಿ ಸಿಗುವ ಹಳೆಯ ಡೀಸೆಲ್ ಎಟಿಯೋಸ್‌ಗಳಲ್ಲಿ ಬಾಡಿಗೆಗೆ ಓಡಿದವೇ ತುಂಬಾ. ಎರಡು, ಮೂರು ಲಕ್ಷ ಕಿ.ಮೀ. ಸವೆದ ಗಾಡಿಗೆ ಟರ್ಬೋ, ಇಂಜೆಕ್ಟರ್, ಕ್ಲಚ್ ಈ ಮೂರರಲ್ಲಿ ಒಂದು ಹೋದರೂ ವರ್ಷಗಟ್ಟಲೆ ಉಳಿಸಿದ ಇಂಧನದ ದುಡ್ಡು ಒಂದೇ ಬಿಲ್ಲಿಗೆ ಹೋಗುತ್ತದೆ. ಅದರ ಜೊತೆಗೆ ಸದ್ದು. ಎಟಿಯೋಸ್ ಡೀಸೆಲ್ ನಿಂತಲ್ಲೇ ಗುಡುಗುತ್ತದೆ, ಅದನ್ನು ತಡೆಯಲು ಕಂಪನಿ ಜಾಸ್ತಿ ಪ್ರಯತ್ನ ಪಟ್ಟ ಹಾಗೆ ಕಾಣುವುದಿಲ್ಲ. ವರ್ಷಕ್ಕೆ 15,000 ಕಿ.ಮೀ. ಓಡಿಸುವವರು ಡೀಸೆಲ್ ನೋಡಲಿ. ಅಕ್ಕನ ಮನೆಗೆ ಪೆಟ್ರೋಲೇ ಸರಿ ಅಂತ ನಾನು ಹೇಳಿದೆ. ಭಾವ ಒಪ್ಪಿಕೊಳ್ಳಲು ಒಂದು ಡೀಸೆಲ್ ಗಾಡಿಯನ್ನು ಹತ್ತಿರದಿಂದ ನೋಡಬೇಕಾಯಿತು.

ಬಿಟ್ಟ ಕಾರು

ಬೆಂಗಳೂರಿನ ಹೊರಗೆ, ಹಳೆಯ ಕಾರು ಮಾರುವ ಒಂದು ಜಾಗ. ಬಿಳಿ ಬಣ್ಣದ 2012ರ ಡೀಸೆಲ್ ಎಟಿಯೋಸ್. ತೊಳೆದು, ಪಾಲಿಶ್ ಹಾಕಿ, ಟೈರಿಗೆ ಕಪ್ಪು ಬಳಿದು ನಿಲ್ಲಿಸಿದ್ದರು. ಬಿಳಿ ಬೋರ್ಡು. ಮೀಟರ್ 78,000 ಕಿ.ಮೀ. ತೋರಿಸುತ್ತಿತ್ತು. ಬೆಲೆಯೂ ಕೈಗೆಟುಕುವಂತಿತ್ತು. ಭಾವನಿಗೆ ಅಲ್ಲೇ ಮನಸ್ಸಾಯಿತು.

ನಾನು ಮೊದಲು ನೋಡಿದ್ದು ಹಿಂದಿನ ಎಡಗಡೆ ಬಾಗಿಲು. ಸ್ವಂತ ಕಾರಿನಲ್ಲಿ ಸವೆಯುವುದು ಡ್ರೈವರ್ ಬಾಗಿಲು. ಬಾಡಿಗೆ ಕಾರಿನಲ್ಲಿ ಹತ್ತುವವರು, ಇಳಿಯುವವರು ಎಲ್ಲರೂ ಫುಟ್‌ಪಾತ್ ಕಡೆಯ ಹಿಂದಿನ ಬಾಗಿಲನ್ನೇ ತೆಗೆಯುತ್ತಾರೆ. ಈ ಕಾರಿನ ಆ ಬಾಗಿಲ ಹಿಡಿಕೆಯ ಹಿಂದೆ ಬೆರಳಿನ ಉಗುರು ತಾಗಿ ಪೇಂಟ್ ಪೂರ್ತಿ ಮಂಕಾಗಿತ್ತು. ಬಲಗಡೆ ಹಿಂದಿನ ಬಾಗಿಲಿನದು ಹೊಸದರ ಹಾಗಿತ್ತು. ಒಳಗೆ ಕಾಲಿಡುವ ಕಡೆಯ ಪ್ಲಾಸ್ಟಿಕ್ ಪಟ್ಟಿ ಎಡಗಡೆ ಬೆಳ್ಳಗೆ ಗೀಚಿಹೋಗಿತ್ತು. ಹಿಂದಿನ ಸೀಟಿನ ಮೇಲೆ ಹೊಸ ಕವರ್ ಇತ್ತು. ಅಂಗೈಯಿಂದ ಒತ್ತಿದರೆ ಎಡಬದಿಯ ಸ್ಪಂಜು ತಳ ಮುಟ್ಟುತ್ತಿತ್ತು.

ಹಿಂದಿನ ಬಂಪರಿನ ಮೇಲೆ ಬೆರಳು ಸವರಿದಾಗ ಒಂದು ಉದ್ದದ ಅಂಟು ಗೆರೆ ಸಿಕ್ಕಿತು. ಬಾಡಿಗೆ ವಾಹನಕ್ಕೆ ಹೊಳೆಯುವ ಪಟ್ಟಿ ಅಂಟಿಸುತ್ತಾರೆ: ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು. ಪಟ್ಟಿ ಕಿತ್ತರೂ ಅಂಟು ಅಷ್ಟು ಸುಲಭಕ್ಕೆ ಹೋಗುವುದಿಲ್ಲ, ಧೂಳು ಹಿಡಿದು ಕೂರುತ್ತದೆ. ಕೊನೆಗೆ ಮೊಬೈಲ್ ಟಾರ್ಚ್ ಹಾಕಿ ಆಕ್ಸಿಲರೇಟರ್ ಪೆಡಲ್ ಮೇಲಿನ ಮೂಲೆ ನೋಡಿದೆ. ಕತ್ತರಿಸಿ ಇನ್ಸುಲೇಶನ್ ಟೇಪ್ ಸುತ್ತಿದ ವೈರ್‌ಗಳು ಇದ್ದವು. ಟ್ಯಾಕ್ಸಿಗಳಿಗೆ ಗಂಟೆಗೆ 80 ಕಿ.ಮೀ. ದಾಟದ ಹಾಗೆ ಹಾಕುವ ವೇಗ ನಿಯಂತ್ರಕವನ್ನು ಕಿತ್ತರೆ ಇಂಥ ತುಂಡುಗಳು ಉಳಿಯುತ್ತವೆ.

ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾಯಿಸುವುದು ಕಾನೂನಿನ ಪ್ರಕಾರ ಸರಿಯೇ. ಹಾಗೆ ಬದಲಾದ ಗಾಡಿ ಕೊಳ್ಳಲೇಬಾರದು ಅಂತಲೂ ನಾನು ಹೇಳುವುದಿಲ್ಲ. ಓಡಿದ ಕಿ.ಮೀ. ನಿಜ ಹೇಳಿ, ಅದಕ್ಕೆ ತಕ್ಕ ಬೆಲೆ ಹೇಳಿದರೆ ಯೋಚಿಸಬಹುದು. ಇಲ್ಲಿ ಹಾಗಿರಲಿಲ್ಲ. ಹಳೆಯ ಇನ್ಶೂರೆನ್ಸ್ ಪಾಲಿಸಿ ತೋರಿಸಿ ಅಂತ ಕೇಳಿದೆವು. ಬಾಡಿಗೆ ಗಾಡಿಯ ಪಾಲಿಸಿ ಬೇರೆ ಥರದ್ದು, ಅದನ್ನು ನೋಡಿದರೆ ಎಲ್ಲಾ ತಿಳಿಯುತ್ತದೆ. 'ಅದೆಲ್ಲಾ ಸಿಗಲ್ಲ ಸಾರ್' ಅಂದರು. ನಾವು ಹೊರಟೆವು. ಭಾವ ದಾರಿಯುದ್ದಕ್ಕೂ ಆ ಬಾಗಿಲ ಹಿಡಿಕೆಯ ಬಗ್ಗೆಯೇ ಮಾತಾಡಿದರು. ಡೀಸೆಲ್ ಮಾತು ಮತ್ತೆ ಬರಲಿಲ್ಲ.

ದೆಹಲಿ ನೋಂದಣಿಯ ಒಂದು ಗಾಡಿಯೂ ಬಹಳ ಕಡಿಮೆ ಬೆಲೆಗೆ ಬಂದಿತ್ತು. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿಂದ ಅಗ್ಗಕ್ಕೆ ಕಾರುಗಳು ದಕ್ಷಿಣಕ್ಕೆ ಬರುತ್ತಿವೆ. ಬೆಲೆ ನೋಡಿ ಖುಷಿ ಪಡಬೇಡಿ. ಆ ರಾಜ್ಯದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು. ನಮ್ಮ ತೆರಿಗೆ ದೇಶದಲ್ಲೇ ಜಾಸ್ತಿ ಇರುವವುಗಳಲ್ಲಿ ಒಂದು. ಅದನ್ನು ಫೋನಿನಲ್ಲೇ ಬೇಡ ಅಂದೆವು.

ಕೊಂಡ ಕಾರು

2013ರ ಅಕ್ಟೋಬರ್ ನೋಂದಣಿ, ಬೆಳ್ಳಿ ಬಣ್ಣ, ಪೆಟ್ರೋಲ್, ವಿಎಕ್ಸ್ ಅನ್ನುವ ಮೇಲಿನ ಮಾದರಿ. ಬೆಂಗಳೂರು ದಕ್ಷಿಣದ ಒಬ್ಬ ನಿವೃತ್ತ ನೌಕರರದ್ದು, ಅವರೇ ಮೊದಲ ಮಾಲೀಕರು. 61,000 ಕಿ.ಮೀ. ಓಡಿತ್ತು. ಅದರ ಪುರಾವೆಯಾಗಿ ಒಂದು ಫೈಲು ತುಂಬಾ ಸರ್ವಿಸ್ ಬಿಲ್ಲುಗಳಿದ್ದವು. ಪ್ರತಿ ಬಿಲ್ಲಿನಲ್ಲೂ ತಾರೀಕು, ಕಿ.ಮೀ. ಏರುತ್ತಾ ಹೋಗಿದ್ದನ್ನು ಒಂದೊಂದಾಗಿ ನೋಡಿದೆವು. ಹಳೆಯ ಕಾರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ವಿಎಕ್ಸ್ ಆಗಿದ್ದರಿಂದ ಎರಡು ಏರ್‌ಬ್ಯಾಗ್, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ) ಇದ್ದವು. ಇದನ್ನು ಒತ್ತಿ ಹೇಳಬೇಕು. ಮೊದಲ ವರ್ಷಗಳ ಕೆಳಗಿನ ಮಾದರಿಗಳಲ್ಲಿ ಇವು ಇಲ್ಲದ ಗಾಡಿಗಳು ಎಷ್ಟೋ ಇವೆ. 2016ರ ಪ್ಲಾಟಿನಮ್ ಬರುವ ಹೊತ್ತಿಗೆ ಎಲ್ಲ ಮಾದರಿಗೂ ಇವೆರಡೂ ಬಂದಿದ್ದವು. ಅದೇ ವರ್ಷ ಕಾರನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಎಟಿಯೋಸ್‌ಗೆ ದೊಡ್ಡವರ ರಕ್ಷಣೆಯಲ್ಲಿ 4 ನಕ್ಷತ್ರ ಬಂತು. ಪರೀಕ್ಷೆಯಾದದ್ದು ಎರಡು ಏರ್‌ಬ್ಯಾಗ್ ಇದ್ದ ಗಾಡಿಗೆ. ಏರ್‌ಬ್ಯಾಗ್ ಇಲ್ಲದ 2011ರ ಗಾಡಿ ಮಾರುವವರು ಇದೇ ನಕ್ಷತ್ರ ತೋರಿಸಿದರೆ ನಂಬಬೇಡಿ. ಸ್ಟೀರಿಂಗ್ ಮೇಲೆ, ಎಡಗಡೆ ಡ್ಯಾಶ್‌ಬೋರ್ಡ್ ಮೇಲೆ ಏರ್‌ಬ್ಯಾಗ್ ಗುರುತು ಇದೆಯೇ ನೋಡಿ. ಕೀ ತಿರುಗಿಸಿದಾಗ ಮೀಟರಿನಲ್ಲಿ ಏರ್‌ಬ್ಯಾಗ್ ದೀಪ ಹತ್ತಿ, ಆಮೇಲೆ ಆರಬೇಕು. ಹತ್ತಲೇ ಇಲ್ಲ ಅಂದರೆ ಯಾರೋ ಬಲ್ಬು ತೆಗೆದಿದ್ದಾರೆ ಅಂತಲೇ ತಿಳಿಯಿರಿ.

ನಾವು ಬರುವ ಮುಂಚೆ ಎಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಕೇಳಿಕೊಂಡಿದ್ದೆವು. ಬಿಸಿ ಎಂಜಿನ್ ಬಹಳ ವಿಷಯ ಮುಚ್ಚಿಡುತ್ತದೆ. ಬಾನೆಟ್ ಮೇಲೆ ಕೈಯಿಟ್ಟರೆ ತಣ್ಣಗಿತ್ತು. ಕೂಲಂಟ್ ಡಬ್ಬಿಯಲ್ಲಿ ಗುಲಾಬಿ ಬಣ್ಣ. ಟೊಯೊಟಾ ಕೂಲಂಟ್ ಬಣ್ಣವೇ ಅದು. ಅಲ್ಲಿ ಕಂದು ನೀರು ಕಂಡರೆ ಯಾರೋ ನಲ್ಲಿ ನೀರು ಸುರಿದುಕೊಂಡು ಓಡಿಸಿದ್ದಾರೆ, ಒಳಗೆ ತುಕ್ಕು ಶುರುವಾಗಿದೆ ಅಂತ ಅರ್ಥ. ಆಯಿಲ್ ಮುಚ್ಚಳದ ಒಳಗಡೆ ಗಟ್ಟಿ ಮಡ್ಡಿ ಇರಲಿಲ್ಲ. ಸ್ಟಾರ್ಟ್ ಮಾಡಿದ ಕೂಡಲೇ ಹಿಡಿಯಿತು. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಇಲ್ಲ, ಎಸಿ ಹಾಕಿದಾಗ ಎಂಜಿನ್ ಕ್ಷಣಮಾತ್ರ ತಗ್ಗಿ ಮತ್ತೆ ಸರಿಹೋಯಿತು. ಈ ಎಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಇಷ್ಟು ಕಿ.ಮೀ.ಗೆ ಬದಲಾಯಿಸಬೇಕು ಅನ್ನುವ ದೊಡ್ಡ ಖರ್ಚು ತಲೆಮೇಲೆ ಇರುವುದಿಲ್ಲ. ಆಯಿಲ್ ಸಮಯಕ್ಕೆ ಬದಲಾಗಿರಬೇಕು ಅಷ್ಟೇ. ಬಿಲ್ಲುಗಳು ಅದನ್ನೇ ಹೇಳುತ್ತಿದ್ದವು.

ಮುಂದಿನ ಎಡ ಫೆಂಡರಿಗೆ (ಚಕ್ರದ ಮೇಲಿನ ತಗಡು) ಪೇಂಟ್ ಹೊಡೆದಿದ್ದರು. ಬೆಳಕಿಗೆ ಓರೆಯಾಗಿ ನೋಡಿದರೆ ಮೇಲ್ಮೈ ಸ್ವಲ್ಪ ಒರಟು. ಫೆಂಡರ್ ಬೋಲ್ಟ್‌ಗಳ ಮೇಲೆ ಸ್ಪ್ಯಾನರ್ ಗುರುತು. ಕೇಳಿದಾಗ ಅವರೇ ಇನ್ಶೂರೆನ್ಸ್ ರಿಪೇರಿಯ ಬಿಲ್ಲು ತೆಗೆದು ತೋರಿಸಿದರು, ಯಾವುದೋ ಆಟೋ ಉಜ್ಜಿದ್ದು. ಡಿಕ್ಕಿಯ ಕಾರ್ಪೆಟ್ ಎತ್ತಿ ಸ್ಟೆಪ್ನಿ ಇಡುವ ಗುಂಡಿಯನ್ನೂ ನೋಡಿದೆವು. ಹಿಂದಿನಿಂದ ಗುದ್ದಿಸಿಕೊಂಡ ಗಾಡಿಯಲ್ಲಿ ಅಲ್ಲಿ ತಗಡು ಸುಕ್ಕಾಗಿರುತ್ತದೆ, ವೆಲ್ಡಿಂಗ್ ಚುಕ್ಕೆಗಳು ಸಾಲಾಗಿ ಇರುವುದಿಲ್ಲ. ಇಲ್ಲಿ ಎಲ್ಲಾ ಕಂಪನಿಯದೇ, ಒಣಗಿತ್ತು.

ತೊಂದರೆ ಕಂಡದ್ದು ಟೈರಿನಲ್ಲಿ. ಟ್ರೆಡ್ (ನೆಲಕ್ಕೆ ತಾಗುವ ಗೆರೆಗಳು) ಚೆನ್ನಾಗಿತ್ತು, ನೋಡಿದವರು ಇನ್ನೂ ಎರಡು ವರ್ಷ ಓಡುತ್ತದೆ ಅನ್ನಬೇಕು. ಪಕ್ಕದಲ್ಲಿ ಅಚ್ಚಾಗಿದ್ದ ಸಂಖ್ಯೆ 2318. ಅಂದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಪಕ್ಕದ ಗೋಡೆಯ ಮೇಲೆ ಕೂದಲೆಳೆಯಂಥ ಬಿರುಕುಗಳು. ಕಡಿಮೆ ಓಡುವ ಕಾರುಗಳಲ್ಲಿ ಇದು ಮಾಮೂಲು: ಟೈರ್ ಸವೆಯುವುದಿಲ್ಲ, ಮುದಿಯಾಗುತ್ತದೆ. ಹೆದ್ದಾರಿಯಲ್ಲಿ ಐದು ಜನರನ್ನು ಕೂರಿಸಿಕೊಂಡು ಹೋಗುವ ಗಾಡಿಗೆ ಅದನ್ನು ಇಟ್ಟುಕೊಳ್ಳುವ ಮಾತೇ ಇಲ್ಲ. ಬ್ಯಾಟರಿಯೂ ಕೊನೆಗಾಲದಲ್ಲಿತ್ತು. ಬೆಲೆಯ ಮಾತಿಗೆ ಇವೆರಡೂ ಕೈಗೆ ಬಂದವು.

ಓಡಿಸಿದಾಗ

ಕಾಗದದ ಮೇಲೆ 90 ಪಿಎಸ್ ಶಕ್ತಿ, 132 ಎನ್‌ಎಂ ಟಾರ್ಕ್. ಇವತ್ತಿನ ಕಾರುಗಳ ಪಕ್ಕದಲ್ಲಿ ದೊಡ್ಡ ಸಂಖ್ಯೆಗಳಲ್ಲ. ಆದರೆ ಗಾಡಿ ಹಗುರ, ಎಂಜಿನ್ 1.5 ಲೀಟರ್. ಮೂರನೇ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಿದ್ದಾಗ ಆಕ್ಸಿಲರೇಟರ್ ಒತ್ತಿದರೆ ಗೊಣಗದೆ ಎಳೆಯುತ್ತದೆ. ಎಸಿ ಹಾಕಿ, ಐದು ಜನ ಕೂತು ಏರು ಹತ್ತಿದಾಗ 1.2 ಲೀಟರ್ ಸೆಡಾನ್‌ಗಳಲ್ಲಿ ಗೇರ್ ಇಳಿಸಬೇಕಾದ ಕಡೆ ಇದರಲ್ಲಿ ಇಳಿಸಬೇಕಾಗಲಿಲ್ಲ. ಭಾವನಂತೆ ನಿಧಾನಕ್ಕೆ ಓಡಿಸುವವರಿಗೆ ಇದು ಬಹಳ ಆರಾಮ. ಕ್ಲಚ್ ಹಗುರ. 4.9 ಮೀಟರ್ ತಿರುವು ತ್ರಿಜ್ಯ, ಹಳ್ಳಿಯ ಸಣ್ಣ ರಸ್ತೆಯಲ್ಲೂ ಸುಲಭವಾಗಿ ತಿರುಗುತ್ತದೆ.

ಕೊರತೆಗಳೂ ಇವೆ, ಮುಚ್ಚಿಡುವುದಿಲ್ಲ. ಮೀಟರ್ ಸ್ಟೀರಿಂಗ್ ಹಿಂದೆ ಇಲ್ಲ, ಡ್ಯಾಶ್‌ಬೋರ್ಡಿನ ನಡುವೆ ಇದೆ. ವೇಗ ನೋಡಲು ಕಣ್ಣು ಎಡಕ್ಕೆ ಹೊರಳಿಸಬೇಕು. ಭಾವನಿಗೆ ಮೊದಮೊದಲು ಕಿರಿಕಿರಿ ಆಯಿತು. ಮುಂದೆ ಒಂದೇ ಒಂದು ದೊಡ್ಡ ವೈಪರ್. ಜೋರು ಮಳೆಯಲ್ಲಿ ಗಾಜಿನ ಮೂಲೆ ಒರೆಸದೆ ಉಳಿಯುತ್ತದೆ, ಬ್ಲೇಡ್ ಸ್ವಲ್ಪ ಹಳತಾದರೂ ತೊಂದರೆ. ಒಳಗಿನ ಪ್ಲಾಸ್ಟಿಕ್ ಗಟ್ಟಿ, ನೋಡಲು ಸಾದಾ. ಬಾಗಿಲು ಹಾಕಿದರೆ ತೆಳು ಸದ್ದು. ಹೆದ್ದಾರಿಯಲ್ಲಿ 90 ದಾಟಿದ ಮೇಲೆ ಟೈರಿನ ಸದ್ದು ಒಳಗೆ ಬರುತ್ತದೆ. ಹಿಂದಿನ ಸೀಟು ಮಡಚಲು ಬರುವುದಿಲ್ಲ. ಹೊಸದಿದ್ದಾಗ ಜನ ಇದನ್ನು ಬೈದದ್ದು ಇದಕ್ಕೇ, ಅದರಲ್ಲಿ ತಪ್ಪೇನಿಲ್ಲ. ಟೊಯೊಟಾ ಅಂದರೆ ಜನ ಇದಕ್ಕಿಂತ ಜಾಸ್ತಿ ನಿರೀಕ್ಷೆ ಇಟ್ಟುಕೊಂಡಿದ್ದರು.

ಆದರೆ ಅತ್ತೆಯವರು ಹಿಂದೆ ಕೂತಾಗ ನನಗೆ ಆ ಪ್ಲಾಸ್ಟಿಕ್ಕಿನ ಯೋಚನೆ ಹೋಯಿತು. ಹಿಂದಿನ ಬಾಗಿಲು ಅಗಲಕ್ಕೆ ತೆರೆಯುತ್ತದೆ. ಸೀಟು ತೊಡೆಯ ಎತ್ತರಕ್ಕೆ ಸಿಗುತ್ತದೆ, ಮೊದಲು ಕೂತು ಆಮೇಲೆ ಕಾಲು ಒಳಗೆ ಎಳೆದುಕೊಳ್ಳಬಹುದು. ಮುಂದಿನ ಸೀಟನ್ನು ಭಾವ ತಮಗೆ ಬೇಕಾದ ಹಾಗೆ ಹಿಂದಕ್ಕೆ ಸರಿಸಿಕೊಂಡರೂ ಅವರ ಮಂಡಿಗೆ ತಾಗಲಿಲ್ಲ. ಬಹುಪಾಲು ಕಾರುಗಳಲ್ಲಿ ಹಿಂದೆ ನಡುವೆ ಒಂದು ಉಬ್ಬು ಇರುತ್ತದೆ, ಮಧ್ಯೆ ಕೂತವರು ಕಾಲು ಅಗಲಿಸಿ ಕೂರಬೇಕು. ಎಟಿಯೋಸ್‌ನಲ್ಲಿ ನೆಲ ಸಪಾಟು. ಮಗಳು ಅಲ್ಲಿ ಅಡ್ಡ ತಿರುಗದೆ ನೇರವಾಗಿ ಕೂತಳು. ಮುಂದಿನ ಗ್ಲೋವ್‌ಬಾಕ್ಸ್ 13 ಲೀಟರಿನದು, ಅದಕ್ಕೆ ಎಸಿ ಗಾಳಿ ಬರುವ ತೂತೂ ಇದೆ. ಅತ್ತೆಯ ಔಷಧಿ, ನೀರಿನ ಬಾಟಲಿ ತಣ್ಣಗೆ ಇರುತ್ತವೆ. ಎಸಿಯಂತೂ ಬೇಸಿಗೆಯ ಮಧ್ಯಾಹ್ನದಲ್ಲೂ ಬೇಗ ತಂಪು ಮಾಡುತ್ತದೆ.

ಡಿಕ್ಕಿಯ ವಿಷಯ ಒಂದೇ ಸಾಲಿನಲ್ಲಿ ಹೇಳಬಹುದು: ಎರಡು ಚೀಲ ಕಾಯಿ, ಒಂದು ಬಾಳೆಗೊನೆ, ಮೂರು ಸೂಟ್‌ಕೇಸ್ ಹಿಡಿಯಿತು, ಮುಚ್ಚಳ ಒತ್ತಿ ಹಾಕಬೇಕಾಗಲಿಲ್ಲ.

ದುಡ್ಡಿನ ಲೆಕ್ಕ

ಅವರು ಕೇಳಿದ್ದು 2.75 ಲಕ್ಷ. ಟೈರ್ ಸಂಖ್ಯೆ, ಬ್ಯಾಟರಿ, ಮುಂದಿನ ಸಸ್ಪೆನ್ಷನ್‌ನಲ್ಲಿ ಬರುತ್ತಿದ್ದ ಟಕಟಕ ಸದ್ದು ತೋರಿಸಿ ಮಾತಾಡಿ 2.45ಕ್ಕೆ ಮುಗಿಸಿದೆವು. ಒಳ್ಳೆಯ ಗಾಡಿ ಇದ್ದಾಗ ಇನ್ನೂ ಹತ್ತು ಸಾವಿರಕ್ಕೆ ಎಳೆದಾಡಿ ಕೈಬಿಡುವುದು ಜಾಣತನವಲ್ಲ ಅಂತ ನನ್ನ ಅಭಿಪ್ರಾಯ.

ತಂದ ಮೇಲೆ ನಾಲ್ಕು ಹೊಸ ಟೈರಿಗೆ ಸುಮಾರು 20,000 ಹೋಯಿತು. ವಿಎಕ್ಸ್‌ಗೆ 15 ಇಂಚಿನ ಚಕ್ರ, ಅದಕ್ಕೆ ಸ್ವಲ್ಪ ಜಾಸ್ತಿ. ಬ್ಯಾಟರಿಗೆ ಐದು ಸಾವಿರದ ಹತ್ತಿರ. ಆಯಿಲ್, ಎಲ್ಲ ಫಿಲ್ಟರ್, ಕೂಲಂಟ್, ಬ್ರೇಕ್ ಆಯಿಲ್ ಬದಲಾಯಿಸಿದ ಸರ್ವಿಸ್‌ಗೆ 9,000. ಆ ಟಕಟಕ ಸದ್ದು ಬರುತ್ತಿದ್ದದ್ದು ಸಸ್ಪೆನ್ಷನ್‌ನ ಒಂದು ಚಿಕ್ಕ ಭಾಗವಾದ ಸ್ಟೆಬಿಲೈಸರ್ ಲಿಂಕ್‌ನಿಂದ. ಎರಡೂ ಕಡೆಯದು, ಜೊತೆಗೆ ಬುಷ್‌ಗಳು ಸೇರಿ 5,500. ಇನ್ಶೂರೆನ್ಸ್‌ಗೆ ಒಂಬತ್ತು ಸಾವಿರ ಚಿಲ್ಲರೆ, ಅದರಲ್ಲಿ ಕಡ್ಡಾಯ ಥರ್ಡ್ ಪಾರ್ಟಿ ಭಾಗವೇ 3,416. ಹೆಸರು ಬದಲಾವಣೆ, ಓಡಾಟ ಎಲ್ಲಾ ಸೇರಿ ಮೂರು ಲಕ್ಷದ ಒಳಗೇ ನಿಂತಿತು.

ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಇನ್ಶೂರೆನ್ಸ್‌ನಲ್ಲಿ ಸಿಗುವ ರಿಯಾಯಿತಿ) ನಮಗೆ ಬರುವುದಿಲ್ಲ, ಅದು ಅವರದ್ದು. ಎಷ್ಟೋ ಜನ ಇದನ್ನು ಗಮನಿಸದೆ ಹಳೆಯ ಪಾಲಿಸಿಯಲ್ಲೇ ಓಡಿಸುತ್ತಾರೆ. ಕೊಂಡ 14 ದಿನದೊಳಗೆ ಪಾಲಿಸಿಯನ್ನು ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಬೇಕು. ಮಾರುವವರಿಂದ ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಳ್ಳಬೇಕು. ಆರ್‌ಸಿಯಲ್ಲಿ ಬ್ಯಾಂಕ್ ಸಾಲದ ನಮೂದು ಇದ್ದರೆ ಅದನ್ನು ತೆಗೆಸುವ ಫಾರಂ 35, ಬ್ಯಾಂಕಿನ ಪತ್ರ ಎರಡೂ ಬೇಕು, ಇಲ್ಲದಿದ್ದರೆ ಮುಂಗಡ ಕೊಡಬೇಡಿ. 2019ರ ಏಪ್ರಿಲ್‌ಗೆ ಮುಂಚಿನ ಗಾಡಿಗಳಿಗೂ ಕರ್ನಾಟಕದಲ್ಲಿ ಎಚ್‌ಎಸ್‌ಆರ್‌ಪಿ (ಹೆಚ್ಚಿನ ಭದ್ರತೆಯ ನಂಬರ್) ಪ್ಲೇಟ್ ಕಡ್ಡಾಯ. ಈ ಗಾಡಿಗೆ ಹಾಕಿಸಿದ್ದರು, ಒಂದು ಕೆಲಸ ಕಡಿಮೆಯಾಯಿತು.

ಈಗ ಓಡುತ್ತಿರುವ ರೀತಿ

ಊರೊಳಗೆ ಲೀಟರಿಗೆ 12ರ ಆಸುಪಾಸು, ತುಮಕೂರು ರಸ್ತೆಯಲ್ಲಿ 15, 16 ಕೊಡುತ್ತಿದೆ. ಈಗ ಬಂಕುಗಳಲ್ಲಿ ಸಿಗುವುದು ಶೇಕಡ 20 ಭಾಗ ಎಥೆನಾಲ್ ಬೆರೆಸಿದ ಪೆಟ್ರೋಲ್. 2013ರ ಗಾಡಿಯನ್ನು ಅದಕ್ಕಾಗಿ ಮಾಡಿದ್ದಲ್ಲ. ನೀತಿ ಆಯೋಗದ 2021ರ ವರದಿಯೇ ಇಂಥ ಕಾರುಗಳಲ್ಲಿ ಮೈಲೇಜ್ 6ರಿಂದ 7 ಪ್ರತಿಶತ ಇಳಿಯಬಹುದು ಅಂತ ಅಂದಾಜು ಮಾಡಿತ್ತು. ಎಥೆನಾಲ್ ಹಳೆಯ ರಬ್ಬರನ್ನು ತಿನ್ನುತ್ತದೆ. ಸರ್ವಿಸ್‌ಗೆ ಬಿಟ್ಟಾಗಲೆಲ್ಲಾ ಪೆಟ್ರೋಲ್ ಪೈಪ್, ಸೀಲ್ ನೋಡಿಸಿ, ಬಾನೆಟ್ ತೆಗೆದಾಗ ಪೆಟ್ರೋಲ್ ವಾಸನೆ ಬಂದರೆ ಕಾಯಬೇಡಿ ಅಂತ ಭಾವನಿಗೆ ಹೇಳಿದ್ದೇನೆ. ಕಾರನ್ನು ವಾರಗಟ್ಟಲೆ ಅರ್ಧ ಟ್ಯಾಂಕ್‌ನಲ್ಲಿ ನಿಲ್ಲಿಸಬೇಡಿ ಅಂತಲೂ ಹೇಳಿದ್ದೇನೆ. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ.

ಟ್ಯಾಕ್ಸಿ ಅನ್ನುವ ಹಣೆಪಟ್ಟಿಯ ಒಳ್ಳೆಯ ಮುಖ ಕಂಡದ್ದು ಆ ಲಿಂಕ್ ರಿಪೇರಿಯಲ್ಲಿ. ತಿಪಟೂರಿನ ಮೆಕ್ಯಾನಿಕ್ ಗಾಡಿ ಎತ್ತುವ ಮೊದಲೇ, ಸದ್ದು ಕೇಳಿಯೇ 'ಲಿಂಕ್ ಹೋಗಿದೆ' ಅಂದ. ಸಾಮಾನು ಅದೇ ಬೀದಿಯ ಅಂಗಡಿಯಲ್ಲಿ ಸಿಕ್ಕಿತು, ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ಊರೂರಲ್ಲೂ ಬಾಡಿಗೆ ಎಟಿಯೋಸ್‌ಗಳು ಓಡಿದ್ದರಿಂದ ಇದರ ಒಳಹೊರಗು ಗೊತ್ತಿಲ್ಲದ ಮೆಕ್ಯಾನಿಕ್ ಇಲ್ಲ. ಕಾರೇ ಹೊಟ್ಟೆಪಾಡು ಆಗಿರುವವರು ಒಂದು ಗಾಡಿಯನ್ನು ವರ್ಷಗಟ್ಟಲೆ ಬಿಡದೆ ಕೊಂಡರು ಅಂದರೆ, ಅದು ನಿಲ್ಲದೆ ಓಡುತ್ತದೆ, ಕೆಟ್ಟರೆ ಕಡಿಮೆ ದುಡ್ಡಿಗೆ ಸರಿಹೋಗುತ್ತದೆ ಅನ್ನುವುದು ಅವರಿಗೆ ಲೆಕ್ಕ ಹಾಕಿ ಗೊತ್ತಿತ್ತು. ಅವರ ಲೆಕ್ಕವನ್ನು ನಂಬಬೇಕು, ಅವರು ಸವೆಸಿದ ಗಾಡಿಯನ್ನು ಮಾತ್ರ ಕೊಳ್ಳಬಾರದು. ಮಗಳಿಗೂ ಇದನ್ನೇ ಹೇಳಿದೆ. ಅವಳೀಗ ಡ್ರೈವಿಂಗ್ ಕಲಿಯುತ್ತಿರುವುದು ಇದೇ ಕಾರಿನಲ್ಲಿ.

ಮುಂದಿನ ದೊಡ್ಡ ತಾರೀಕು 2028ರ ಅಕ್ಟೋಬರ್. ಆಗ ಗಾಡಿಗೆ 15 ವರ್ಷ ತುಂಬುತ್ತದೆ, ಆರ್‌ಸಿ ನವೀಕರಿಸಬೇಕು. ಫಿಟ್‌ನೆಸ್ ಪರೀಕ್ಷೆ ಪಾಸಾಗಬೇಕು. ಕೇಂದ್ರದ ಶುಲ್ಕ 2022ರಿಂದ 5,000 ರೂಪಾಯಿ ಆಗಿದೆ, ಮೇಲೆ ರಾಜ್ಯದ ಹಸಿರು ತೆರಿಗೆ ಇದೆ. ಪಾಸಾದರೆ ಇನ್ನು ಐದು ವರ್ಷ ಓಡಿಸಬಹುದು. ಕ್ಲಚ್ ಅಷ್ಟರಲ್ಲಿ ಬದಲಾಯಿಸಬೇಕಾಗಬಹುದು, ಮುಂದಿನ ಬ್ರೇಕ್ ಡಿಸ್ಕ್ ಕೂಡ. ಅದಕ್ಕಾಗಿ ಭಾವ ತಿಂಗಳಿಗೆ ಒಂದು ಸಾವಿರ ಬೇರೆ ತೆಗೆದಿಡುತ್ತಿದ್ದಾರೆ, ಹಳೆಯ ಮಾಲೀಕರ ಫೈಲಿಗೆ ತಮ್ಮ ಬಿಲ್ಲುಗಳನ್ನೂ ಸೇರಿಸುತ್ತಿದ್ದಾರೆ.